ಆರು ಪದರಿನ ಬೋರ್ಡು

ಯಾದಗಿರಿ ಸ್ಟೇಷನ್ ರೋಡಿನ ಈ ಬೋರ್ಡು
ಆರು ಸಲ ಬರದೀನಿ ನಾನು, ಪೇಂಟರ್ ದಸ್ತಗೀರ.
ಕಂಪನಿ ಚರಿತ್ರೆ ಬೇಕಂದ್ರ ಮುಂಬೈಗೆ ಹೋಗಬ್ಯಾಡ್ರಿ,
ಒಂದು ಮೊಂಡ ಬ್ಲೇಡು ತಗೊಂಡು ಬರ್ರಿ.

ಎಲ್ಲಕ್ಕೂ ಕೆಳಗ, ತಗಡಿಗೆ ಹತ್ತಿಕೊಂಡು, ಒಂದು ಬೆಳ್ಳಕ್ಕಿ.
ಬೆಳ್ಳಕ್ಕಿ ಮಾರ್ಕಿನ ಗ್ರಾಮಫೋನ್ ಕಂಪನಿ.
ರೆಕಾರ್ಡಿನ ಮ್ಯಾಲ ಒಂಟಿಗಾಲಿಲೆ ನಿಂತದ.
ಅಂಗಡಿ ರಾಚೋಟೆಪ್ಪ ನಮೂನಿ ಕಾಗದ ಕೊಟ್ಟಿದ್ದ:
ಕೊಕ್ಕು ಇಷ್ಟೇ ಉದ್ದ ಇರಬೇಕು,
ಒಂದು ನೂಲು ಹೆಚ್ಚಾಗಬಾರದು, ದೊಡ್ಡ ಸಾಹೇಬರ ಅಪ್ಪಣಿ.
ನನಗಾಗ ಹದಿನಾರು. ಬೆಳ್ಳಕ್ಕಿ ನೋಡಿದ್ದು ಭೀಮಾ ಹೊಳ್ಯಾಗ.
ಆ ಕೊಕ್ಕೇ ಬರದೆ.
ಯಾರೂ ಅಳೀಲಿಲ್ಲ.

ಅದೇ ವರ್ಷ ಮದರಾಸ್ ಮೇಲಿನಾಗ ಇಬ್ಬರು ಬಂದು ಇಳದರು,
ಮಷೀನು ಕೂಸಿನಂಗ ಕೌದ್ಯಾಗ ಸುತ್ತಿಕೊಂಡು.
ಗೋಗಿಯ ಚಂದಾಸಾಬನ ಕರೆಸಿ
ಹಿಂದಿನ ಹತ್ತಿ ಗೋದಾಮಿನಾಗ ಕೂಡಿಸಿದರು.
ಅಂಡಿಗಿ ಅಂಡಿಗಿ ಹತ್ತಿ ಸುತ್ತ ಗೋಡೆ ಆತು,
ರೈಲಿನ ಸೀಟಿ ಸುದ್ದಾ ಒಳಗ ಬರಲಿಲ್ಲ.
ಮೂರು ನಿಮಿಷ ಈ ಮಗ್ಗಲು, ಮೂರು ನಿಮಿಷ ಆ ಮಗ್ಗಲು,
ಕರ್ಬಲಾ ಅಷ್ಟರಾಗ ಮುಗೀಬೇಕು.
"ಕೂಸು ನೀರು ಕೇಳೋತನಕ ಬಂದೀನ್ರಿ,
ನೀರು ಇನ್ನಾ ಬಂದಿಲ್ಲ" ಅಂದ ಚಂದಾಸಾಬ.
"ಸಾಕು" ಅಂದರು.
ನಲವತ್ತು ರೂಪಾಯಿ. ಒಂದು ಹೆಬ್ಬೆಟ್ಟು.
ಮಸಿ ತರೋದು ಮರತಿದ್ದರು.
ನನ್ನ ಡಬ್ಬ್ಯಾಗಿನ ಕರಿ ಪೇಂಟು ನಾನೇ ಕೊಟ್ಟೆ.
ಎಂಟು ದಿನ ಹೋಗಲಿಲ್ಲಂತ ಅದು,
ರೊಟ್ಟಿ ಮುರಿಯುವಾಗೆಲ್ಲ ಕಾಣ್ತಿತ್ತಂತ.

ಎರಡನೇ ಪದರ ಹಸಿರು.
ಕಲ್ಕತ್ತಾದ ಸೆಣಬಿನ ಸೇಠ ಕಂಪನಿ ಕೊಂಡ,
ಹೆಸರಿನ ಬಾಲಕ್ಕ 'ಅಂಡ್ ಸನ್ಸ್' ಹಚ್ಚಿದೆ.
ಮಕ್ಕಳು ಕೋರ್ಟಿಗೆ ಹೋದರು.
ಮೂರನೇ ಸಲ 'ಸನ್ಸ್' ಅಳಿಸಿದ್ದಕ್ಕ
ಬರೆಯೋದಕ್ಕಿಂತ ಹೆಚ್ಚು ಟರ್ಪೆಂಟೈನು ಹಿಡೀತು.

ನಾಲ್ಕನೇದು ಕ್ಯಾಸೆಟ್ಟಿನ ಕಾಲ. ಬೆಳ್ಳಕ್ಕಿ ಹೋತು,
ಆ ಜಾಗಾದಾಗ ಒಂದು ಕೆಂಪು ಮಿಂಚು.
ರಾಚೋಟೆಪ್ಪ ಹಳೇ ರೆಕಾರ್ಡೆಲ್ಲ ತೂಕಕ್ಕ ಹಾಕಿದ,
ಅರಗು ಕರಗಿಸಿ ಬಳಿ ಮಾಡ್ತಾರಂತ ಅಂದ.
ಯಾವ ಸೀಮಿ ಹೆಣ್ಣಮಕ್ಕಳ ಮುಂಗೈಯಾಗ
ಚಂದಾಸಾಬ ಗಿಲ್ ಅಂತಾನೋ.

ಐದನೇದು ಬರೇ ಮೂರು ಇಂಗ್ಲಿಷ್ ಅಕ್ಷರ.
ಯಾವುದಕ್ಕ ಏನರ್ಥ, ರಾಚೋಟೆಪ್ಪಗೂ ತಿಳೀಲಿಲ್ಲ.
ನನಗ ಕೂಲಿ ಅಕ್ಷರಕ್ಕಿಷ್ಟು ಅಂತ.
ಭಾರಿ ಲುಕ್ಸಾನಾತು.

ಆರನೇದು ಮೊಬೈಲ್ ರಿಚಾರ್ಜು.
"ಕಂಪನಿ?" ಅಂದೆ.
"ಮುಳುಗ್ಯಾದ ಕಾಕಾ" ಅಂದ ರಾಚೋಟೆಪ್ಪನ ಮಗ,
ಬಾವಿಗೆ ಕೊಡ ಬಿದ್ದ ಸುದ್ದಿ ಹೇಳಿದಂಗ.

ಈ ಸಲ ಪೀರಲ ಹಬ್ಬಕ್ಕ ಚಂದಾಸಾಬನ ಮೊಮ್ಮಗ ಲಾಡ್ಲೇಸಾಬ
ಅಲಾಯಿ ಕುಣಿ ದಂಡಿಗಿ ನಿಂತು ಅಜ್ಜನ ರಿವಾಯತ ಹಾಡಿ
ಫೋನಿನಾಗ ಹಾಕಿದ.
ಮೂರನೇ ದಿನಕ್ಕ ನೋಟೀಸು:
ಈ ಧ್ವನಿ ನಮ್ಮದು, ಸರ್ವ ಹಕ್ಕು ನಮ್ಮವು.
ಕೆಳಗ ಸಣ್ಣಾಗಿ, ಸಾಸಿವಿಯಷ್ಟು, ಒಂದು ಬೆಳ್ಳಕ್ಕಿ.

ಚಾಳೀಸು ಏರಿಸಿ ಕೊಕ್ಕು ನೋಡಿದೆ.
ಗಿಡ್ಡ ಇತ್ತು. ಅಳತಿ ಪ್ರಕಾರ.

ಸಿಟ್ಟಿಗೆ ಬಂದಾನ ಅಂತ ತಿಳಕೊಂಡಿದ್ದೆ.
ಹುಡುಗನ ಮಾರಿ ನೋಡಿದರ ಖುಷಿ!
"ಅಜ್ಜನ ದನಿ ನನಗ ಬಂದದ ಅಂತ
ಊರ ಮಂದಿ ಸುಮ್ಮನ ಅಂತಾರ ಅಂದುಕೊಂಡಿದ್ದೆ ಕಾಕಾ.
ಈಗ ಕಂಪನಿನೇ ಬರದು ಕೊಟ್ಟದ."

ಏಣಿ ಮ್ಯಾಲಿಂದ ಇಳದು, ಕೈ ಒರಸಿಕೊಂಡು, ಅಂದೆ:
ಕೂಸು ನೀರು ಕೇಳೋತನಕ ಅವರದು.
ಹೋಗಲಿ ಬಿಡು.
ಮುಂದಿನ ಪದ ಮಷೀನು ಬಂದ್ ಆದ ಮ್ಯಾಲೆ ಹಾಡಿದ್ದು,
ಹತ್ತಿ ಅಂಡಿಗಿ ನಡುವ, ನಾನೊಬ್ಬನೇ ಕೇಳೀನಿ.
ಕುಂದರು.
ದನಿ ನನ್ನದು ಒಡದದ, ನಗಬ್ಯಾಡ.